ಮೇಷ್ಟ್ರ ಸಿನಿಮಾಕ್ಕೆ ಎಷ್ಟು ಅಂಕ

ನವೆಂಬರ್ 3, ಸೋಮವಾರ

ಮೂರು ವಾರ ಒಂದಕ್ಷರ ಮಾತಾಡಬಾರದಂತೆ. ಪಿಸುಗುಟ್ಟುವುದೂ ಕೂಡದಂತೆ. ಗಂಟಲಿನ ಡಾಕ್ಟರು ಮೂಗಿನೊಳಗಿಂದ ಸಣ್ಣ ಕ್ಯಾಮೆರಾ ಇಳಿಸಿ, ನನ್ನ ಗಂಟಲನ್ನು ನನಗೇ ಪರದೆಯ ಮೇಲೆ ತೋರಿಸಿದರು. ಎರಡೂ ಬದಿಗೆ ಒಂದೊಂದು ಗಂಟು, ಎದುರುಬದುರು. ಇಪ್ಪತ್ತಾರು ವರ್ಷ ಗಣಿತ ಕೂಗಿದ್ದರ ಸಂಪಾದನೆ. ಕ್ಲಾಸಿನಲ್ಲಿ ಎಷ್ಟು ಮಕ್ಕಳು ಅಂತ ಕೇಳಿದರು. ಐವತ್ತೆರಡು ತೋರಿಸಲು ಬೆರಳು ಸಾಲದೆ ಅವರ ಔಷಧಿ ಚೀಟಿಯ ಮೂಲೆಯಲ್ಲೇ ಬರೆದು ತೋರಿಸಿದೆ.

ಬರುವಾಗ ದಾರಿಯಲ್ಲಿ ಈ ಇನ್ನೂರು ಪುಟದ ನೋಟ್‌ಬುಕ್ ಕೊಂಡೆ. ಬಾಯಿಂದ ಹೋಗದ್ದು ಕೈಯಿಂದಾದರೂ ಹೋಗಲಿ. ಒಳಗೇ ಇಟ್ಟುಕೊಂಡರೆ ನಾನು ಹೊಟ್ಟೆ ಉಬ್ಬಿ ಸಾಯುತ್ತೇನೆ.

ಎಲ್ಲಾ ಆ ಮೇಷ್ಟ್ರ ಸಿನಿಮಾದಿಂದ. ಊರಿಗೆ ಊರೇ ಹೊಗಳುತ್ತಿದೆ ಅಂತ ನಿನ್ನೆ ಭಾನುವಾರ ಶಾಲೆಯ ಟೀಚರುಗಳೆಲ್ಲ ಮನೆಯವರ ಜೊತೆ ಹೋಗಿದ್ದೆವು. ಅಲ್ಲಾ, ಎರಡೂಕಾಲು ಗಂಟೆಯಲ್ಲಿ ಆ ಮನುಷ್ಯ ಒಂದು ನೋಟ್‌ಬುಕ್ ತಿದ್ದಲಿಲ್ಲ, ಒಂದು ಸಲ ಹಾಜರಿ ಕರೆಯಲಿಲ್ಲ. ಕ್ಲಾಸಿನಲ್ಲಿ ಹದಿನೆಂಟೇ ಮಕ್ಕಳು, ನಾನೇ ಎಣಿಸಿದೆ. ಪುಸ್ತಕ ಮುಚ್ಚಿಸಿ ಮಕ್ಕಳನ್ನು ಬೆಟ್ಟ ಹತ್ತಿಸಿದ. ಅವನ ಮುಂದಿನ ಪೀರಿಯಡ್ ಯಾರು ತೆಗೆದುಕೊಂಡರು? ಅವರ ಬಗ್ಗೆ ಯಾರೂ ಸಿನಿಮಾ ಮಾಡುವುದಿಲ್ಲ. ಕೊನೆಯಲ್ಲಿ ಏಳು ನಿಮಿಷದ ಭಾಷಣ. ಒಂದು ಗುಟುಕು ನೀರಿಲ್ಲ, ಒಂದು ಕೆಮ್ಮಿಲ್ಲ. ದಡ್ಡ ಹುಡುಗ ಫಸ್ಟ್ ರ್‍ಯಾಂಕ್. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ಹೊರಗೆ ಬಂದರೆ ಮೆಟ್ಟಿಲ ಮೇಲೆ ಹದಿನಾಲ್ಕು ಜನ ಟೀಚರು ಮೂಗು ಒರೆಸಿಕೊಳ್ಳುತ್ತ ನಿಂತಿದ್ದರು. ಇವರದ್ದೂ, ಅಂದರೆ ನಮ್ಮನೆಯವರದ್ದೂ, ಕರವಸ್ತ್ರ ಒದ್ದೆ. ನಾನು ಒಂದನೇ ತಕರಾರು ಮುಗಿಸಿ ಎರಡನೆಯದಕ್ಕೆ ಬಾಯಿ ತೆರೆದೆ. ಗಾಳಿ ಬಂತು, ಮಾತು ಬರಲಿಲ್ಲ.

ಉತ್ತರ ಪತ್ರಿಕೆ ಅಂತ ತಿದ್ದಿದರೆ ನೂರಕ್ಕೆ ಹದಿನೆಂಟು. ತಲೆಗೊಂದು.

ನವೆಂಬರ್ 4, ಮಂಗಳವಾರ

ರಜೆ ಉಳಿದಿಲ್ಲ. ಹೆಡ್‌ಮೇಡಂ ಅಂದರು, ಬಂದು ಕ್ಲಾಸಿನಲ್ಲಿ ಕೂತಿರಿ, ಬೋರ್ಡ್ ಮೇಲೆ ಬರೆದು ಮಾಡಿಸಿ. ಆಮೇಲೆ ಮೇಜಿನ ಮೇಲೆ ಒಂದು ಅರ್ಜಿ ಇಟ್ಟರು. ಪರೀಕ್ಷಾ ವಿಭಾಗದಲ್ಲಿರುವವರು ಈ ತಿಂಗಳು ನಿವೃತ್ತರಾಗುತ್ತಾರೆ. ಆ ಕುರ್ಚಿ ನನಗೆ. ಅಂಕಪಟ್ಟಿ, ಪ್ರಶ್ನೆಪತ್ರಿಕೆ, ಬೀರು, ಬೀಗ. ಮಾತೇ ಬೇಡ. ಆದರೆ ಒಮ್ಮೆ ಹೋದರೆ ಕ್ಲಾಸಿಗೆ ವಾಪಸ್ ಇಲ್ಲ. ಇಪ್ಪತ್ತಾರನೇ ತಾರೀಖಿನೊಳಗೆ ಸಹಿ ಹಾಕಿ ಕೊಡಬೇಕು.

ಗಂಟಲಿಲ್ಲದ ಟೀಚರು ಅಂದರೆ ಏನು? ಮಕ್ಕಳು ನನಗೆ ಇಟ್ಟಿರುವ ಹೆಸರು ಮೈಕು. ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ. ನಾನು ಎಂಟನೇ ಬಿ ಯಲ್ಲಿ ಪಾಠ ಮಾಡಿದರೆ ಒಂಬತ್ತನೇ ಎ ಕಲಿಯುತ್ತದೆ ಅಂತ ಸ್ಟಾಫ್ ರೂಮಿನಲ್ಲಿ ತಮಾಷೆ. ಆ ಹೆಸರಿನ ಮೇಲೆ ನನಗೆ ಒಳಗೊಳಗೇ ಹೆಮ್ಮೆ ಇತ್ತು. ಈಗ ಭಯವಾಗುತ್ತಿದೆ.

ಗಾಯದ ಮೇಲೆ ಬರೆ ಎಂಬಂತೆ ಇನ್ನೊಂದು ಕೆಲಸ: ಇಪ್ಪತ್ತೆರಡಕ್ಕೆ ಶಾಲೆಯ ಹಾಲ್‌ನಲ್ಲಿ ಅದೇ ಸಿನಿಮಾ ಹಾಕಿಸುತ್ತಾರಂತೆ. ಅದರ ಬಗ್ಗೆ ನಾನು ಒಂದು ಪುಟ ಬರೆದುಕೊಡಬೇಕಂತೆ, ಯಾವುದಾದರೂ ಮಗು ಓದುತ್ತದಂತೆ. "ನೀವು ಮಾತಾಡೋ ಹಾಗಿಲ್ವಲ್ಲ, ಬರೆಯೋಕೆ ನಿಮಗಿಂತ ಬಿಡುವು ಯಾರಿಗಿದೆ?"

ಬರೆಯುತ್ತೇನೆ. ಕೆಂಪು ಶಾಯಿಯಲ್ಲಿ ಬರೆಯುತ್ತೇನೆ.

ನವೆಂಬರ್ 5, ಬುಧವಾರ

ರಟ್ಟು ಕತ್ತರಿಸಿ ಕಾರ್ಡು ಮಾಡಿಕೊಂಡೆ. ಕ್ಲಾಸಿನಲ್ಲಿ ನಾನು ಆಡುವ ಮಾತೆಲ್ಲ ದಪ್ಪ ಅಕ್ಷರದಲ್ಲಿ. ನಲವತ್ತಾದರೂ ಬೇಕಾದೀತು ಅಂತ ಎರಡು ದೊಡ್ಡ ರಟ್ಟು ತಂದಿದ್ದೆ.

ಸುಮ್ನಿರಿ. ನಿಂತ್ಕೋ. ಕೂತ್ಕೋ. ಪುಸ್ತಕ ತೆಗೀರಿ. ಬರ್ಕೊಳ್ಳಿ. ತಪ್ಪು. ಸರಿ, ಮುಂದಿನ ಲೆಕ್ಕ. ಹೊರಗೆ ನಿಲ್ಲು. ಅರ್ಥ ಆಯ್ತಾ.

ಒಂಬತ್ತಕ್ಕೆ ಮುಗಿಯಿತು. ಹತ್ತನೆಯದನ್ನು ನೆನಪಿಸಿಕೊಳ್ಳಲು ಟೀ ಮಾಡಿಕೊಂಡು ಕೂತೆ, ಸಿಗಲಿಲ್ಲ. ಇಪ್ಪತ್ತಾರು ವರ್ಷಕ್ಕೆ ಒಂಬತ್ತು ಕಾರ್ಡು! ಕೊನೆಯದ್ದು ನೋಡಲು ಪ್ರಶ್ನೆಯಂತಿದೆ. ಆದರೆ ಅದಕ್ಕೆ ಉತ್ತರ ಬರುವವರೆಗೆ ಯಾವತ್ತಾದರೂ ಕಾದಿದ್ದೇನಾ ಅಂದರೆ, ಇಲ್ಲ.

ಉಳಿದ ರಟ್ಟು ಬೀರುವಿನ ಮೇಲಿಟ್ಟೆ. ದಂಡ ಖರ್ಚು.

ನವೆಂಬರ್ 6, ಗುರುವಾರ

ಕಾರ್ಡು ಎತ್ತಿದರೆ ನಗುತ್ತಾರೆ. ನಲವತ್ತು ನಿಮಿಷ ನಾಲ್ಕು ಗಂಟೆಯಂತಾಯಿತು.

ನವೆಂಬರ್ 9, ಭಾನುವಾರ

ನನಗಿಂತ ಹೆಚ್ಚು ಕಷ್ಟಕ್ಕೆ ಸಿಕ್ಕಿರುವವರು ಅತ್ತೆ. ಬಟ್ಟೆ ಗಿರಣಿಯಲ್ಲಿ ಮೂವತ್ತು ವರ್ಷ ಮಗ್ಗದ ಸದ್ದಿನ ನಡುವೆ ನಿಂತು ಅವರ ಕಿವಿ ಹೋಗಿದೆ. ಇವರದ್ದು ಮೊದಲೇ ಮೆತ್ತನೆಯ ಧ್ವನಿ. ಲಿಫ್ಟ್ ರಿಪೇರಿ ಮಾಡುವವರು, ದಿನವಿಡೀ ಒಬ್ಬರೇ ಗುಂಡಿಯೊಳಗೆ ಇಳಿದು ಕೂರುವವರು, ಕೂಗಿ ಅಭ್ಯಾಸವಿಲ್ಲ. ಅಮ್ಮನಿಗೆ ಏನಾದರೂ ಹೇಳಬೇಕಾದರೆ ನನಗೆ ಹೇಳುತ್ತಿದ್ದರು, ನಾನು ಅಡುಗೆಮನೆಯಿಂದಲೇ ಕೂಗುತ್ತಿದ್ದೆ. ಕಿವಿಗೆ ಹಾಕುವ ಮಿಷನ್ ತಂದುಕೊಟ್ಟರೆ ಅತ್ತೆ ಅದನ್ನು ಕನ್ನಡಕದ ಡಬ್ಬಿಯಲ್ಲಿ ಭದ್ರವಾಗಿ ಮಲಗಿಸಿದ್ದಾರೆ.

ಇವತ್ತು ಮಧ್ಯಾಹ್ನ ಅತ್ತೆ ಇದ್ದಕ್ಕಿದ್ದಂತೆ ಅಂದರು: "ಮನೇಲಿ ಯಾರೂ ಇಲ್ಲವೇನೋ ಅನ್ನಿಸ್ತದಮ್ಮ. ನಿನ್ನ ಗಂಟಲು ಒಂದೇ ನಂಗೆ ಕೇಳಿಸ್ತಿದ್ದುದು. ಬೈದ್ರೂ ಪರವಾಗಿಲ್ಲ, ಬೇಗ ಸರಿಮಾಡ್ಕೋ."

ಬೈಯುತ್ತಿದ್ದೆನಾ? ಬರೆದು ಕೇಳೋಣವೆಂದರೆ ಚೀಟಿಯನ್ನು ಕಣ್ಣಿನ ಹತ್ತಿರ, ದೂರ, ಮತ್ತೆ ಹತ್ತಿರ ಹಿಡಿದು ನೋಡಿ, "ಚೆನ್ನಾಗಿದೆ" ಅಂತ ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ನವೆಂಬರ್ 12, ಬುಧವಾರ

ಸಿನಿಮಾದ ಬಗ್ಗೆ ಅರ್ಧ ಪುಟ ಬರೆದೆ. ತಪ್ಪುಗಳ ಪಟ್ಟಿ ಇಪ್ಪತ್ತೊಂದಕ್ಕೆ ನಿಂತಿದೆ. ಅದರಲ್ಲಿ ಹತ್ತೊಂಬತ್ತನೆಯದು: ಮೇಷ್ಟ್ರ ಅಂಗಿಯ ತೋಳಿಗೆ ಎಲ್ಲೂ ಸೀಮೆಸುಣ್ಣ ಅಂಟಿಲ್ಲ. ಬರೆದಾದ ಮೇಲೆ ಬಹಳ ಸಮಾಧಾನವಾಯಿತು.

ಕ್ಲಾಸು ಪರವಾಗಿಲ್ಲ. ಸುಮ್ನಿರಿ ಅನ್ನುವ ಕಾರ್ಡು ಇವತ್ತು ಎರಡೇ ಸಲ ಬೇಕಾಯಿತು. ಅವರಿಗೆ ನನ್ನನ್ನು ಕಂಡು ಬೇಜಾರಾಗಿರಬೇಕು.

ನವೆಂಬರ್ 15, ಶನಿವಾರ

ಇವರು ಆ ಸಿನಿಮಾವನ್ನು ಮೂರನೇ ಸಲ ನೋಡಿಬಂದಿದ್ದಾರೆ! ಥಿಯೇಟರ್ ಇರುವ ಕಟ್ಟಡದ ಲಿಫ್ಟ್ ಕೆಟ್ಟಿತ್ತಂತೆ. ರಿಪೇರಿಗೆ ಹೋದವರು ಕೆಲಸ ಮುಗಿಸಿ, ಬಾಗಿಲು ಕಾಯುವವನನ್ನು ಕೇಳಿ ಹಿಂದಿನ ಸಾಲಿನಲ್ಲಿ ಕೂತರಂತೆ. ಅಂಗಿಯ ತುಂಬ ಗ್ರೀಸು, ಕಣ್ಣು ಕೆಂಪು. ನಾನು ಚೀಟಿಯಲ್ಲಿ ಬರೆದೆ: "ನಾಚಿಕೆ ಇಲ್ವಾ? ಅದ್ರಲ್ಲಿ ಏನಿದೆ ಅಂತ?"

ಅವರು ಕೈ ತೊಳೆದುಕೊಂಡು ಬಂದು ಎದುರಿಗೆ ಕೂತರು.

"ಹೇಳ್ಲಾ ಮೇಡಮ್ಮೋರೇ? ಈಗ್ಲೇ ಹೇಳ್ಬಿಡ್ತೀನಿ. ನಡುವೆ ಬಾಯಿ ಹಾಕೋ ಹಾಗಿಲ್ವಲ್ಲ ನೀನು."

ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದಿಡುತ್ತಿದ್ದೇನೆ.

"ಆ ಬೆಟ್ಟ, ಭಾಷಣ ಎಲ್ಲಾ ನಂಗೂ ಅಷ್ಟಕ್ಕಷ್ಟೇ. ಒಂದು ಕಡೆ ಹುಡುಗ ತಡವಾಗಿ ಬರ್ತಾನೆ ನೋಡು. ಮೇಷ್ಟ್ರು ಯಾಕೆ ಏನು ಅಂತ ಕೇಳಲ್ಲ. ಪಾಠ ಮಾಡ್ತಾನೇ ಬೆಂಚಿನ ಮೇಲಿದ್ದ ತಮ್ಮ ಚೀಲ ತೆಗೆದು ಜಾಗ ಮಾಡಿಕೊಡ್ತಾರೆ. ಅಷ್ಟೇ. ಒಂದೂವರೆ ನಿಮಿಷ ಇರಬಹುದು. ನಾನು ಅದಕ್ಕೇ ಹೋಗೋದು.

"ನಾನು ಐದನೇ ಕ್ಲಾಸಲ್ಲಿದ್ದಾಗ ಅಮ್ಮಂಗೆ ರಾತ್ರಿ ಪಾಳಿ. ಅವಳು ಬೆಳಗ್ಗೆ ಬಂದು ತಂಗೀನ ನನ್ನ ಕೈಯಿಂದ ಇಸ್ಕೊಳ್ಳೋವರೆಗೂ ನಾನು ಹೊರಡೋ ಹಾಗಿರ್ಲಿಲ್ಲ. ದಿನಾ ತಡ. ಮೊದಲ್ನೇ ಪೀರಿಯಡ್ ಗಣಿತ. ತಡ ಆದವರು ಹೊರಗೆ ನಿಲ್ಲಬೇಕು. ನಾನು ಬಾಗಿಲ ಸಂದಿಯಿಂದ ನೋಡ್ತಿದ್ದೆ. ಬೋರ್ಡಿನ ಎಡಗಡೆ ಕಾಣ್ತಿತ್ತು, ಬಲಗಡೆ ಕಾಣ್ತಿರ್ಲಿಲ್ಲ. ಲೆಕ್ಕ ಪೂರ್ತಿ ಸಿಗೋದು, ಉತ್ತರ ಸಿಗ್ತಿರ್ಲಿಲ್ಲ. ಭಿನ್ನರಾಶಿ ಎಲ್ಲಾ ಹಾಗೇ ಕಲ್ತೆ. ಉತ್ತರ ಏನಿರಬಹುದು ಅಂತ ನಾನೇ ಮನಸ್ಸಲ್ಲಿ ಮಾಡ್ಕೊಂಡು, ಸರಿಯೋ ತಪ್ಪೋ ಗೊತ್ತಾಗದೇ ಮನೆಗೆ ಹೋಗ್ತಿದ್ದೆ."

ಹೇಳಿ ನಕ್ಕರು. ನನಗೆ ನಗು ಬರಲಿಲ್ಲ. ಮದುವೆಯಾಗಿ ಇಪ್ಪತ್ನಾಲ್ಕು ವರ್ಷ. "ಮೊದಲೇ ಯಾಕೆ ಹೇಳ್ಲಿಲ್ಲ?" ಅಂತ ಬರೆದೆ.

"ಎರಡು ಮೂರು ಸಲ ಶುರು ಮಾಡಿದ್ದೆ. ಅಷ್ಟರಲ್ಲಿ ನೀನು ಉತ್ತರ ಹೇಳ್ಬಿಡ್ತಿದ್ದೆ."

ಕೋಪದಿಂದ ಹೇಳಿದ್ದಲ್ಲ. ಹಾಗೆ ಹೇಳಿ ನನಗೆ ಆವಿ ಹಿಡಿಯಲು ಬಿಸಿನೀರು ಕಾಯಿಸಲು ಎದ್ದು ಹೋದರು. ಪಾಪದ ಮನುಷ್ಯ, ನನ್ನ ಕೈಗೆ ಸಿಕ್ಕಿದ್ದಾರೆ.

ಸಿನಿಮಾದ ಅಂಕ ಮೂವತ್ತೈದು ಮಾಡಿದ್ದೇನೆ. ಬರೀ ಪಾಸು. ಆ ಒಂದೂವರೆ ನಿಮಿಷ ನಾನು ನೋಡಿದ ನೆನಪೇ ಇಲ್ಲ. ಆಗ ತಲೆ ಎಣಿಸುತ್ತಿದ್ದೆ ಅಂತ ಕಾಣುತ್ತದೆ.

ನವೆಂಬರ್ 17, ಸೋಮವಾರ

ಕಾರ್ಡು ಎಂಟೇ ಇವೆ. ಹೊರಗೆ ನಿಲ್ಲು ಅನ್ನುವುದು ಕಾಣುತ್ತಿಲ್ಲ, ಎಲ್ಲೋ ಬಿದ್ದುಹೋಗಿರಬೇಕು. ಇನ್ನೊಂದು ಬರೆಯೋಣವೆಂದರೆ ಪುರಸೊತ್ತಿಲ್ಲ.

ನವೆಂಬರ್ 18, ಮಂಗಳವಾರ

ಇವತ್ತು ನನ್ನ ಮಾನ ಹೋಯಿತು. ಆದರೂ ಸಂಜೆಯಿಂದ ಒಬ್ಬಳೇ ನಗುತ್ತಿದ್ದೇನೆ.

ಬೋರ್ಡಿನ ಮೇಲೆ ಬರೆದಿದ್ದೆ: ಒಂದು ತೊಟ್ಟಿಯನ್ನು ಒಂದು ನಲ್ಲಿ ಹನ್ನೆರಡು ಗಂಟೆಯಲ್ಲಿ ತುಂಬಿಸುತ್ತದೆ, ಇನ್ನೊಂದು ನಾಲ್ಕು ಗಂಟೆಯಲ್ಲಿ. ಎರಡನ್ನೂ ಬಿಟ್ಟರೆ ಎಷ್ಟು ಹೊತ್ತು? ಎರಡನೇ ಸಾಲಿನ ಗುಬ್ಬಿಯನ್ನು ಕರೆದೆ. ಗುಬ್ಬಿ ಅಂತ ಮಕ್ಕಳೇ ಕರೆಯುವುದು. ಸಣ್ಣ ಹುಡುಗಿ, ಜೂನ್‌ನಿಂದ ಇವಳ ಬಾಯಲ್ಲಿ ನಾನು ಹಾಜರಿ ಬಿಟ್ಟು ಬೇರೇನೂ ಕೇಳಿಲ್ಲ. ಒಂದು ಗಂಟೆಯ ಕೆಲಸ ಹನ್ನೆರಡನೇ ಒಂದು, ನಾಲ್ಕನೇ ಒಂದು, ಎರಡನ್ನೂ ಕೂಡಿಸು. ನಾನು ಕಲಿಸಿದ ದಾರಿ ಅದು. ಇವಳು ಅದನ್ನು ಬಿಟ್ಟು "12 ಗಂಟೆ" ಅಂತ ಬರೆದಳು. ಕೆಳಗೆ "ಮೊದಲ ನಲ್ಲಿ 1 ತೊಟ್ಟಿ". ಅದರ ಕೆಳಗೆ "ಎರಡನೇ ನಲ್ಲಿ 3 ತೊಟ್ಟಿ". ಆಮೇಲೆ "ಒಟ್ಟು 4 ತೊಟ್ಟಿ".

ಇರುವುದೇ ಒಂದು ತೊಟ್ಟಿ, ಇವಳು ನಾಲ್ಕು ಎಲ್ಲಿಂದ ತಂದಳು? ತಪ್ಪು ಕಾರ್ಡನ್ನು ಎತ್ತಿ ಹಿಡಿದೆ.

ಅವಳು ಬೋರ್ಡಿಗೆ ಮುಖ ಮಾಡಿ ನಿಂತಿದ್ದಾಳೆ, ನನಗೆ ಬೆನ್ನು. ಕಾರ್ಡು ಅವಳಿಗೆ ಕಾಣುವುದು ಹೇಗೆ? ಮಿಕ್ಕ ಐವತ್ತೊಂದು ಜನಕ್ಕೆ ಕಾಣುತ್ತಿದೆ. ಮೇಜು ತಟ್ಟೋಣ ಅಂದುಕೊಂಡೆ. ಅಷ್ಟರಲ್ಲಿ ಅವಳ ಸೀಮೆಸುಣ್ಣ ಮುರಿಯಿತು, ಬಗ್ಗಿ ಚೂರು ಹೆಕ್ಕಿಕೊಂಡು ಮತ್ತೆ ಶುರು ಮಾಡಿದಳು. ನಿಧಾನ ಅಂದರೆ ನಿಧಾನ. ನಾನು ಕಾರ್ಡು ಹಿಡಿದೇ ಇದ್ದೆ. ಅವಳು ಬರೆದಳು: "12 ಗಂಟೆಯಲ್ಲಿ 4 ತೊಟ್ಟಿ ತುಂಬಿದರೆ 1 ತೊಟ್ಟಿಗೆ 3 ಗಂಟೆ".

ಮೂರು ಗಂಟೆ. ಸರಿಯಾದ ಉತ್ತರ. ಭಿನ್ನರಾಶಿಯ ಸೋಂಕೇ ಇಲ್ಲದೆ.

ಗಂಟಲಿದ್ದಿದ್ದರೆ "ನಾಲ್ಕು ತೊಟ್ಟಿ" ಅನ್ನುವಲ್ಲೇ ತಪ್ಪು, ಕೂತ್ಕೋ ಅಂದಿರುತ್ತಿದ್ದೆ. ಅವಳು ಕೂತಿರುತ್ತಿದ್ದಳು. ಹೀಗೆ ಎಷ್ಟು ಜನರನ್ನು ಕೂರಿಸಿದ್ದೇನೋ, ಲೆಕ್ಕ ಇಟ್ಟವರು ಯಾರು.

ಅವಳು ತಿರುಗಿದಾಗ ಕಾರ್ಡು ಇನ್ನೂ ಮೇಲೇ ಇತ್ತು. ಅವಳ ಮುಖ ಸಣ್ಣಗಾಯಿತು. ಡಸ್ಟರಿಗೆ ಕೈ ಚಾಚಿದಳು, ಅಳಿಸಲು! ನಾನು ಓಡಿಹೋಗಿ ಡಸ್ಟರ್ ಕಿತ್ತುಕೊಂಡೆ. ಏನು ಮಾಡುವುದು, ಉಳಿದ ಎಂಟು ಕಾರ್ಡಿನಲ್ಲಿ ಇದಕ್ಕೆ ಒಂದೂ ಇಲ್ಲ. ಕಡೆಗೆ ಅದೇ ಕಾರ್ಡನ್ನು ನನ್ನ ಎದೆಗೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ನನ್ನನ್ನೇ ತೋರಿಸಿಕೊಂಡೆ.

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಹಿಂದಿನ ಬೆಂಚಿನಿಂದ ಯಾರೋ "ಮಿಸ್ಸೇ ತಪ್ಪಂತೆ ಕಣ್ರೋ!" ಅಂದ. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ಗುಬ್ಬಿ ನಗಲಿಲ್ಲ. ನನ್ನ ಹತ್ತಿರ ಬಂದು, "ನಮ್ಮನೇಲಿ ಎರಡು ಕೊಡ ಇಟ್ಟು ಹೀಗೇ ನೋಡ್ತೀನಿ ಮಿಸ್, ನಲ್ಲಿ ನೀರು ಬೇಗ ನಿಂತುಹೋಗುತ್ತಲ್ಲ" ಅಂದಳು. ಇಷ್ಟು ದೊಡ್ಡ ವಾಕ್ಯ ಅವಳಿಗೆ ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಮುದ್ದು ಮುಂಡೇದು!

ಒಂದು ಲೆಕ್ಕಕ್ಕೆ ಹನ್ನೊಂದು ನಿಮಿಷ ಹೋಯಿತು. ಇವತ್ತು ಮುಗಿಸಬೇಕಿದ್ದ ನಾಲ್ಕು ಲೆಕ್ಕ ಹಾಗೇ ಉಳಿದಿವೆ.

ನವೆಂಬರ್ 19, ಬುಧವಾರ

ಬೀರುವಿನ ಮೇಲಿನ ರಟ್ಟು ಇಳಿಸಿದೆ. ಹೊಸ ಕಾರ್ಡು: ಹೇಗೆ ಮಾಡಿದೆ? ಇನ್ನೊಂದು: ಬೇರೆ ದಾರಿ ಇದೆಯಾ?

ಬಾಗಿಲ ಹತ್ತಿರದ ಬೆಂಚಿನ ಹುಡುಗ ಕೊಟ್ಟ ಉತ್ತರ ತಪ್ಪು. ಆದರೆ ದಾರಿ ಚೆನ್ನಾಗಿತ್ತು, ಅದರ ಮೇಲೆ ತಲೆಗೆ ತಲೆ ಸೇರಿಸಿ ಎಲ್ಲರೂ ಕಿತ್ತಾಡಿದರು. ನಾನು ಕಿಟಕಿಯ ಕಟ್ಟೆಯ ಮೇಲೆ ಕೂತು ನೋಡಿದೆ.

ನವೆಂಬರ್ 20, ಗುರುವಾರ

ಸಿನಿಮಾದ ಪುಟ ಹರಿದು ಹೊಸದಾಗಿ ಬರೆದೆ. ಇಪ್ಪತ್ತೊಂದು ತಪ್ಪುಗಳಲ್ಲಿ ಮೂರನ್ನು ಉಳಿಸಿಕೊಂಡೆ. ಸೀಮೆಸುಣ್ಣದ್ದನ್ನು ಬಿಡಲು ಮನಸ್ಸಾಗಲಿಲ್ಲ. ಕೊನೆ ಹೀಗಿದೆ:

"ಈ ಸಿನಿಮಾಕ್ಕೆ ಸಿಕ್ಕಿರುವ ಹೊಗಳಿಕೆ ಜಾಸ್ತಿಯಾಯಿತು ಎಂದೇ ನನ್ನ ಅಭಿಪ್ರಾಯ. ಇದರ ಮೇಷ್ಟ್ರು ತುಂಬ ಮಾತಾಡುತ್ತಾರೆ, ಮಕ್ಕಳು ತುಂಬ ಕಡಿಮೆ ಮಾತಾಡುತ್ತಾರೆ. ಈ ಕಾಯಿಲೆ ನನಗೂ ಇರುವುದರಿಂದ ಗುರುತು ಹಿಡಿಯುವುದು ಕಷ್ಟವಾಗಲಿಲ್ಲ. ಆದರೆ ತಡವಾಗಿ ಬಂದ ಹುಡುಗನಿಗೆ ಮೇಷ್ಟ್ರು ಜಾಗ ಮಾಡಿಕೊಡುವ ಒಂದು ದೃಶ್ಯವಿದೆ. ನಾನು ಮೊದಲ ಸಲ ಅದನ್ನು ಗಮನಿಸಲೇ ಇಲ್ಲ. ನೀವು ಗಮನಿಸಿ. ಅದೊಂದಕ್ಕಾಗಿ ಈ ಸಿನಿಮಾವನ್ನು ಮೂರು ಸಲ ನೋಡಿದವರು ನನಗೆ ಗೊತ್ತು, ಅವರ ಕಣ್ಣೀರಿನ ಬಗ್ಗೆ ನನಗೆ ಗೌರವವಿದೆ. ನೂರಕ್ಕೆ ಐವತ್ತನಾಲ್ಕು."

ಇವರಿಗೆ ತೋರಿಸಿದೆ. ಓದಿ, ಕಾಗದವನ್ನು ಹುಷಾರಾಗಿ ಮಡಿಚಿ ಕೊಟ್ಟು, ಬೈಕ್ ಒರೆಸಲು ಹೊರಗೆ ಹೋದರು. ಬೈಕ್ ಬೆಳಗ್ಗೆಯೇ ಒರೆಸಿದ್ದರು.

ನವೆಂಬರ್ 22, ಶನಿವಾರ

ಸಿನಿಮಾ ಆಯಿತು. ಹೆಡ್‌ಮೇಡಂ "ಐವತ್ತನಾಲ್ಕೇ?" ಅಂತ ಹುಬ್ಬೇರಿಸಿದರು. ಮಕ್ಕಳು ಬೆಟ್ಟ ಹತ್ತುವಾಗ ಸಿಳ್ಳೆ ಹೊಡೆದರು. ಗುಬ್ಬಿ ನನ್ನ ಪಕ್ಕದಲ್ಲಿ ಕೂತಿದ್ದಳು. "ಮಿಸ್, ಇವ್ರು ಲೆಕ್ಕ ಯಾವಾಗ ಮಾಡಿಸ್ತಾರೆ?" ಅಂತ ಕೇಳಿದಳು. ಅಪ್ಪಿಕೊಳ್ಳಬೇಕು ಅನ್ನಿಸಿತು.

ನವೆಂಬರ್ 24, ಸೋಮವಾರ

ಗಂಟು ಕರಗಿವೆ. ಡಾಕ್ಟರು ಬೆನ್ನು ತಟ್ಟಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು ಹೇಳಿದರು: "ಧ್ವನಿ ಬರುತ್ತಮ್ಮ. ಆದ್ರೆ ಆ ಹಳೇ ಗಂಟಲನ್ನ ಮರೆತುಬಿಡಿ. ಎದುರಿಗೆ ಕೂತವರ ಜೊತೆ ಮಾತಾಡೋ ಅಷ್ಟು, ಅಷ್ಟೇ. ಕ್ಲಾಸಿಗೆಲ್ಲ ಕೇಳೋ ಹಾಗೆ ಕೂಗಿದ್ರೆ ಗಂಟು ಮತ್ತೆ ಬರುತ್ತೆ, ಆಗ ಆಪರೇಷನ್ನೇ. ನಾಳೆಯಿಂದ ದಿನಕ್ಕೆ ಐದು ನಿಮಿಷ. ಆಮೇಲೆ ನೋಡೋಣ."

ಶಾಲೆಗೆ ಹೋಗಿ, ಎಲ್ಲರೂ ಮನೆಗೆ ಹೋದ ಮೇಲೆ ಎಂಟನೇ ಬಿ ಯಲ್ಲಿ ಬೋರ್ಡಿನಿಂದ ಕೊನೆಯ ಬೆಂಚಿನವರೆಗೆ ಹೆಜ್ಜೆ ಹಾಕಿದೆ. ಹದಿಮೂರು ಹೆಜ್ಜೆ. ಕಾರ್ಡು ಹಿಡಿದು ಮೂರು ವಾರ ದೂಡಬಹುದು, ನಿವೃತ್ತಿಗೆ ಉಳಿದ ಒಂಬತ್ತು ವರ್ಷ ದೂಡಲು ಆಗುತ್ತದೆಯೇ? ಮೂಲೆಯಲ್ಲಿ ಕೂತ ಮಗುವಿಗೆ ನನ್ನ ಮಾತು ಮುಟ್ಟದಿದ್ದರೆ ಅದಕ್ಕೆ ನಾನು ಮೋಸ ಮಾಡಿದಂತೆಯೇ.

ಅರ್ಜಿ ತುಂಬಿಸಿದೆ. ಸಹಿ ಹಾಕಿದೆ. ಬ್ಯಾಗಿನಲ್ಲಿದೆ. ಬಚ್ಚಲಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಸದ್ದು ಮಾಡಿ ಅಳುವ ಹಾಗೂ ಇಲ್ಲ. ಆ ಮಕ್ಕಳನ್ನು ಬಿಟ್ಟು ಬೀರು, ಬೀಗಗಳ ಜೊತೆ ನಾನು ಹೇಗಿರಲಿ?

ನವೆಂಬರ್ 25, ಮಂಗಳವಾರ

ಐದು ನಿಮಿಷವನ್ನು ಶಾಲೆಯಲ್ಲಿ ಖರ್ಚು ಮಾಡಲಿಲ್ಲ. ಮೊದಲ ಮಾತು ಮನೆಯಲ್ಲೇ ಆಗಲಿ ಅಂತ ಸಂಜೆಯವರೆಗೆ ಹಿಡಿದಿಟ್ಟುಕೊಂಡೆ. ಇವರು ಕೆಲಸದಿಂದ ಬೇಗ ಬಂದು ಕೈಗಡಿಯಾರ ಬಿಚ್ಚಿ ಕೈಯಲ್ಲಿ ಹಿಡಿದು, ಓಟದ ಸ್ಪರ್ಧೆಗೆ ನಿಂತವರಂತೆ ನಿಂತಿದ್ದರು.

ಅತ್ತೆ ಮಂಚದ ಮೇಲೆ ಕೂತು ಒಣಗಿದ ಬಟ್ಟೆ ಮಡಿಚುತ್ತಿದ್ದರು. ನಾನು ಅಭ್ಯಾಸದಂತೆ ಅಡುಗೆಮನೆಯ ಬಾಗಿಲಲ್ಲಿ ನಿಂತು "ಅತ್ತೇ" ಅಂದೆ. ನನ್ನ ಧ್ವನಿ ನನಗೇ ಯಾರದ್ದೋ ಅನ್ನಿಸಿತು, ತೆಳ್ಳಗೆ, ಸ್ವಲ್ಪ ಒರಟಾಗಿ. ಅತ್ತೆ ತಿರುಗಲಿಲ್ಲ. ಮತ್ತೊಮ್ಮೆ ಕರೆದೆ. ದಿಂಬಿನ ಚೀಲ ಮಡಿಚಿ ಇಟ್ಟು ಟವೆಲ್ ಎತ್ತಿಕೊಂಡರು. ಇವರು ಗಡಿಯಾರ ನೋಡುವುದು ಬಿಟ್ಟು ನನ್ನ ಮುಖ ನೋಡುತ್ತಿದ್ದರು. ಇಷ್ಟೇ ಕಥೆ, ಆ ಅರ್ಜಿ ಸರಿಯಾಗಿಯೇ ಇದೆ ಅಂದುಕೊಂಡೆ.

ಸುಮ್ಮನೆ ಹೋಗಿ ಅತ್ತೆಯ ಪಕ್ಕ ಕೂತೆ. ಭುಜಕ್ಕೆ ಭುಜ ತಾಗಿತು. ಹೀಗೆ ಅವರ ಪಕ್ಕ ಕೂತು ಎಷ್ಟು ವರ್ಷವಾಯಿತೋ. ಕೂಗಿದರೆ ಕೇಳುತ್ತದಲ್ಲ, ಹತ್ತಿರ ಬರುವ ಕೆಲಸವೇ ಇರಲಿಲ್ಲ. ಅವರ ಕಿವಿಯ ಹತ್ತಿರ ಬಗ್ಗಿ ಡಾಕ್ಟರು ಹೇಳಿದಷ್ಟೇ ಧ್ವನಿಯಲ್ಲಿ, "ಅತ್ತೆ, ಊಟ ಮಾಡೋಣ್ವಾ?" ಅಂದೆ.

ಅತ್ತೆ ಬೆಚ್ಚಿಬಿದ್ದು ಟವೆಲ್ ಕೆಳಗೆ ಹಾಕಿದರು.

"ಯಾಕಮ್ಮಾ ಹೀಗೆ ಕೂಗ್ತೀಯಾ? ಪಕ್ಕದಲ್ಲೇ ಇದೀನಲ್ಲ!"

ಇವರು ಬಾಗಿಲಿಗೆ ಒರಗಿ ನಕ್ಕರು, ನಕ್ಕು ಕಣ್ಣು ಒರೆಸಿಕೊಂಡರು. ಅತ್ತೆ ನನ್ನ ಕೈಯನ್ನು ಹಿಡಿದುಕೊಂಡು ಬಿಡಲೇ ಇಲ್ಲ. ಗಿರಣಿಯಲ್ಲಿ ಪಕ್ಕದ ಮಗ್ಗದವಳೊಬ್ಬಳು ಹೀಗೇ ಕಿವಿಯ ಹತ್ತಿರ ಬಂದು ಮಾತಾಡುತ್ತಿದ್ದಳಂತೆ. ಅವಳ ಗಂಡನ ಕಥೆ, ಮೇಸ್ತ್ರಿಯ ಕಥೆ, ಒಂದು ಸಲ ಇಬ್ಬರೂ ನಕ್ಕು ನೂಲು ಹರಿದ ಕಥೆ. ನಾನು "ಹೂಂ" ಅಂದೆ, "ಆಮೇಲೆ?" ಅಂದೆ, "ಹೌದಾ?" ಅಂದೆ. ಊಟ ತಣ್ಣಗಾಯಿತು. ಗಡಿಯಾರವನ್ನು ಇವರು ಎಲ್ಲಿಟ್ಟರೋ ಇನ್ನೂ ಸಿಕ್ಕಿಲ್ಲ.

ನವೆಂಬರ್ 26, ಬುಧವಾರ

ಬೆಳಗ್ಗೆ ಹೆಡ್‌ಮೇಡಂ ಕೋಣೆಗೆ ಹೋಗಿ ಅರ್ಜಿಯನ್ನು ಮೇಜಿನ ಮೇಲಿಟ್ಟೆ. ಅದರ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಗೆರೆ ಎಳೆದಿದ್ದೆ.

"ಎಂಟನೇ ಬಿ ನಾನು ಬಿಡಲ್ಲ ಮೇಡಂ," ಅಂದೆ.

"ಏನಂದ್ರಿ?" ಅಂತ ಅವರು ಮುಂದಕ್ಕೆ ಬಾಗಿದರು. ಹೊರಗೆ ಪ್ರಾರ್ಥನೆಯ ಸಾಲು ಕಟ್ಟುವ ಗದ್ದಲ. ನಾನು ಧ್ವನಿ ಏರಿಸಲಿಲ್ಲ. ಮೇಜು ಸುತ್ತಿಕೊಂಡು ಅವರ ಕುರ್ಚಿಯ ಪಕ್ಕಕ್ಕೆ ಹೋಗಿ ನಿಂತು, ಅದೇ ಮಾತನ್ನು ಇನ್ನೊಮ್ಮೆ ಹೇಳಿದೆ. ಅವರು ಕೆಂಪು ಗೆರೆಯನ್ನೂ ನನ್ನನ್ನೂ ನೋಡಿ, "ಇಷ್ಟು ಹತ್ತಿರ ಬಂದು ಹೇಳಿದ್ರೆ ಇಲ್ಲ ಅನ್ನೋದು ಹೇಗ್ರೀ?" ಅಂದರು.

ಮೂರನೇ ಪೀರಿಯಡ್‌ನಲ್ಲಿ ಲೆಕ್ಕ ಮಾಡಿಸಲಿಲ್ಲ. ಐವತ್ತೆರಡು ಮಕ್ಕಳೂ ನಾನೂ ಸೇರಿ ಬೆಂಚುಗಳನ್ನು ಎಳೆದು ಸರಿಸಿದೆವು. ಆ ಸದ್ದಿಗೆ ಒಂಬತ್ತನೇ ಎ ಯಿಂದ ಮೇಷ್ಟ್ರು ಓಡಿಬಂದು ಇಣುಕಿದರು. ಬೆಂಚು ಬೆಂಚಿನ ನಡುವೆ ಈಗ ಒಬ್ಬರು ನಡೆಯುವಷ್ಟು ಜಾಗವಿದೆ. ನಡೆದು ನೋಡಿದೆ. ಯಾವ ಮಗುವಿನ ಪಕ್ಕಕ್ಕೆ ಬೇಕಾದರೂ ಹೋಗಿ ಕೂರಬಹುದು.